ಕೊಟ್ಟಿಗೆಗೆ ನಾಲ್ಕೂ ಕಡೆ ತಗಡು ಬೇಡ



ಕಂಬ ನೆಟ್ಟು ಅದರ ಮೇಲೆ ಮಾಡು ಹಾಕಿದ ಕೊಟ್ಟಿಗೆ ನಮಗೆ ಹೊಸದಲ್ಲ. ತುಮಕೂರು, ಕೋಲಾರದ ಕಡೆ ಕಲ್ಲುಕಂಬ, ಮಲೆನಾಡಿನಲ್ಲಿ ಮರದ ಕಂಬ, ಈಗ ಎಲ್ಲೆಡೆ ಕಬ್ಬಿಣದ ಪೈಪು. ಕಂಬ ಬದಲಾದರೂ ಕಟ್ಟುವ ಕ್ರಮ ಒಂದೇ. ಮಾಡಿನ ಭಾರವನ್ನೆಲ್ಲ ಕಂಬವೇ ಹೊರುತ್ತದೆ. ಪಕ್ಕದ ಮರೆ ಏನನ್ನೂ ಹೊರುವುದಿಲ್ಲ. ಆದುದರಿಂದ ಪಕ್ಕಕ್ಕೆ ಏನು ಹಾಕಬೇಕು, ಎಷ್ಟು ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ಪೂರ್ತಿಯಾಗಿ ನಿಮ್ಮ ಕೈಯಲ್ಲಿಯೇ ಇದೆ. ಆದರೆ ಈ ವಿಚಾರವನ್ನು ನಾವು ಹೆಚ್ಚಾಗಿ ತಗಡಿನ ಅಂಗಡಿಯವರಿಗೂ ವೆಲ್ಡಿಂಗ್‌ನವರಿಗೂ ಬಿಟ್ಟುಬಿಡುತ್ತಿದ್ದೇವೆ.

ಇತ್ತೀಚೆಗೆ ಹಳ್ಳಿಗಳಲ್ಲಿ ನಾಲ್ಕೂ ಕಡೆ ಬಣ್ಣದ ತಗಡು ಹೊಡೆಸಿದ ಕೊಟ್ಟಿಗೆಗಳು ಹೆಚ್ಚುತ್ತಿವೆ. ರಸ್ತೆಯಿಂದ ನೋಡಲು ಅವು ಅಚ್ಚುಕಟ್ಟಾಗಿ ಕಾಣುತ್ತವೆ. ಸಾಲ ಮಾಡಿ ಹಸು ತಂದವರು ಕೊಟ್ಟಿಗೆಯೂ ಭದ್ರವಾಗಿರಲಿ ಎಂದು ಬಯಸುವುದು ಸಹಜ. ಆದರೂ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ: ನಮ್ಮ ಹವೆಗೆ, ನಮ್ಮ ಹಸುಗಳಿಗೆ ಇದು ತಕ್ಕ ಕ್ರಮವಲ್ಲ. ಮಳೆ ಹೊಡೆಯುವ ಕಡೆ ಮಾತ್ರ ಮರೆ ಮಾಡಿ, ಉಳಿದ ಕಡೆ ಗಾಳಿಗೆ ಬಿಡಿ. ಉಳಿದ ಹಣವನ್ನು ಕಂಬದ ಬುಡಕ್ಕೂ ನೆಲಕ್ಕೂ ಖರ್ಚು ಮಾಡಿ.

ಕಾರಣವನ್ನು ಹಸುವಿನಿಂದಲೇ ತಿಳಿಯಬೇಕು. ಎಚ್.ಎಫ್. ಮಿಶ್ರತಳಿಯ ಹಸು ಚಳಿಗಿಂತ ಸೆಕೆಗೆ ಬೇಗ ಸೋಲುತ್ತದೆ. ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ದಾಟಿ, ಗಾಳಿಯಲ್ಲಿ ತೇವವೂ ಹೆಚ್ಚಿದರೆ ಅದಕ್ಕೆ ಮೈಯ ಕಾವನ್ನು ಹೊರಹಾಕುವುದು ಕಷ್ಟವಾಗುತ್ತದೆ. ಆಗ ಅದು ಏದುಸಿರು ಬಿಡುತ್ತದೆ, ಮೇವು ಕಡಿಮೆ ತಿನ್ನುತ್ತದೆ, ಹಾಲು ಇಳಿಸುತ್ತದೆ, ಬೆದೆಗೆ ಬರುವುದೂ ತಪ್ಪುತ್ತದೆ. ಗರ್ಭ ನಿಲ್ಲುವುದೂ ಕಡಿಮೆಯಾಗುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಮೂರು ತಿಂಗಳು ಇದೇ ಪಾಡು. ಮುಚ್ಚಿದ ಕೊಟ್ಟಿಗೆಯಲ್ಲಿ ಹಸುವಿನ ಮೈ ಕಾವು, ಉಸಿರಿನ ತೇವ, ಗಂಜಲದಿಂದ ಏಳುವ ಅಮೋನಿಯಾ ಎಲ್ಲವೂ ಒಳಗೇ ಉಳಿಯುತ್ತವೆ. ಚಳಿಗಾಲದ ಬೆಳಗ್ಗೆ ತಗಡಿನಿಂದ ನೀರು ತೊಟ್ಟಿಕ್ಕುವುದು ಈ ಉಸಿರಿನ ತೇವವೇ. ಒದ್ದೆ ನೆಲ, ಕೆಟ್ಟ ಗಾಳಿ ಎರಡೂ ಸೇರಿದರೆ ಎಳೆಗರುಗಳಿಗೆ ಕೆಮ್ಮು, ನ್ಯುಮೋನಿಯ ಬರುತ್ತವೆ. ಹಸುಗಳಿಗೆ ಕೆಚ್ಚಲುಬಾವು ಹೆಚ್ಚುತ್ತದೆ.

ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಬೆಳಗಿನ ಜಾವ ಸಗಣಿ ಬಾಚುವ ಮೊದಲು ಕೊಟ್ಟಿಗೆಯೊಳಗೆ ಹೋಗಿ ನಿಲ್ಲಿ. ಕಣ್ಣು ಉರಿದರೆ, ಮೂಗಿಗೆ ಘಾಟು ಹೊಡೆದರೆ ಆ ಕೊಟ್ಟಿಗೆಗೆ ಗಾಳಿ ಸಾಲದು. ಸಗಣಿ ಬಾಚುವ ಮನೆಯ ಹೆಣ್ಣುಮಕ್ಕಳನ್ನು ಕೇಳಿದರೆ ಇನ್ನೂ ಸರಿಯಾದ ಉತ್ತರ ಸಿಕ್ಕೀತು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆಯಿಂದ ಜಡಿತಟ್ಟಿ ಕಟ್ಟಿ, ಮಳೆ ಮುಗಿದ ಮೇಲೆ ಬಿಚ್ಚುತ್ತಿದ್ದರು. ಬಯಲುಸೀಮೆಯಲ್ಲಿ ತೆಂಗಿನ ಗರಿಯ ತಡಿಕೆ ಇದೇ ಕೆಲಸ ಮಾಡುತ್ತಿತ್ತು. ಮರೆ ಬೇಕಾದ ಕಾಲದಲ್ಲಿ ಇರಬೇಕು, ಬೇಡವಾದಾಗ ತೆಗೆಯುವಂತಿರಬೇಕು ಎಂಬುದು ಅದರ ತಿರುಳು. ಸೋಗೆ ಹೆಣೆಯಲು ಈಗ ಆಳು ಸಿಗುವುದು ಕಷ್ಟವೆಂಬುದು ನಿಜ. ಆದರೆ ಆ ತತ್ತ್ವವನ್ನು ಬಿಡಬೇಕಾಗಿಲ್ಲ. ಗೋಣಿತಾಟು, ಟಾರ್ಪಾಲು, ಶೇಡ್ ನೆಟ್ ಇವುಗಳನ್ನು ಪೈಪಿಗೆ ಸುತ್ತಿ, ಹಗ್ಗದಿಂದ ಮೇಲೆತ್ತಿ ಇಳಿಸುವಂತೆ ಕಟ್ಟಿಕೊಂಡರೆ ಅದೂ ಒಂದು ಜಡಿತಟ್ಟಿಯೇ.

ಯಾವ ಕಡೆ ಮುಚ್ಚಬೇಕು? ಕರ್ನಾಟಕಕ್ಕೆ ಮುಂಗಾರು ನೈಋತ್ಯದಿಂದ ಬರುತ್ತದೆ. ಮೃಗಶಿರದಿಂದ ಮುಂದೆ ಎರಚಲು ಹೊಡೆಯುವುದು ಪಡುವಣ ಮತ್ತು ತೆಂಕಣ ಪಕ್ಕಕ್ಕೆ. ಮಧ್ಯಾಹ್ನದ ಬಿಸಿಲು ಬೀಳುವುದೂ ಪಡುವಣದಿಂದಲೇ. ಆದುದರಿಂದ ಕಾಯಂ ಮರೆ ಈ ಎರಡು ಕಡೆಗೆ ಸಾಕು. ಕೋಲಾರ, ಬೆಂಗಳೂರು ಗ್ರಾಮಾಂತರ, ಚಾಮರಾಜನಗರದ ಕಡೆ ಸ್ವಾತಿ, ವಿಶಾಖ ಮಳೆಗಳು ಮೂಡಣದಿಂದಲೂ ಹೊಡೆಯುತ್ತವೆ. ಅಲ್ಲಿ ಮೂಡಣಕ್ಕೆ ಸುತ್ತುವ ಪರದೆ ಇಟ್ಟುಕೊಳ್ಳಿ. ಬಡಗಣ ಪಕ್ಕವನ್ನು ಎಲ್ಲರೂ ತೆರೆದೇ ಬಿಡಬಹುದು.

ಲೆಕ್ಕ ಹಾಕಿ ನೋಡೋಣ. 40 ಅಡಿ ಉದ್ದ, 20 ಅಡಿ ಅಗಲದ ಕೊಟ್ಟಿಗೆಯ ಸುತ್ತಳತೆ 120 ಅಡಿ. 8 ಅಡಿ ಎತ್ತರಕ್ಕೆ ನಾಲ್ಕೂ ಕಡೆ ಮುಚ್ಚಿದರೆ ಬೇಕಾಗುವ ತಗಡು 960 ಚದರ ಅಡಿ. ಅದರ ಬದಲು ಪಡುವಣ, ತೆಂಕಣ ಎರಡು ಕಡೆ ಮಾತ್ರ 3 ಅಡಿ ಎತ್ತರದ ಕಲ್ಲು ಅಥವಾ ಇಟ್ಟಿಗೆಯ ಗಿಡ್ಡಗೋಡೆ ಕಟ್ಟಿ. ಅದರ ಮೇಲೆ 20 ಅಡಿ ಪಡುವಣಕ್ಕೆ 5 ಅಡಿ ತಗಡು, 40 ಅಡಿ ತೆಂಕಣಕ್ಕೆ 3 ಅಡಿ ತಗಡು ಹಾಕಿದರೆ ಬೇಕಾಗುವುದು ಕೇವಲ 220 ಚದರ ಅಡಿ. ಇದು ಮೊದಲಿನ ಲೆಕ್ಕದ ಕಾಲು ಭಾಗಕ್ಕೂ ಕಡಿಮೆ. ತೆಂಕಣದಲ್ಲಿ ಸೂರಿನ ಕೆಳಗೆ 2 ಅಡಿ ಜಾಗ ಗಾಳಿಗೆ ಉಳಿಯುತ್ತದೆ. ಸೂರನ್ನು 3 ಅಡಿ ಹೊರಚಾಚಿದರೆ ಎರಚಲು ಒಳಬರುವುದೂ ಬಹಳ ಮಟ್ಟಿಗೆ ತಪ್ಪುತ್ತದೆ. ಪಡುವಣದಲ್ಲಿ ಮಾಡಿನ ಮೂಲೆಯ ಮುಕ್ಕೋನವನ್ನು ಮುಚ್ಚದೆ ಬಲೆ ಹಾಕಿ ಬಿಡಿ.

ಈ ಜಾಗ ಬಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೂರು ಕಡೆ ಗಟ್ಟಿಯಾಗಿ ಮುಚ್ಚಿ ಒಂದು ಕಡೆ ತೆರೆದ ಕೊಟ್ಟಿಗೆಗೆ ಏಪ್ರಿಲ್, ಮೇ ತಿಂಗಳ ಬಿರುಗಾಳಿ ನುಗ್ಗಿದರೆ ಅದು ಹೊರಹೋಗಲು ದಾರಿಯಿಲ್ಲದೆ ಮಾಡನ್ನು ಕೆಳಗಿನಿಂದ ಎತ್ತುತ್ತದೆ. ಪಕ್ಕಕ್ಕೆ ತಗಡು ಹೊಡೆದಷ್ಟೂ ಕಂಬದ ಮೇಲೆ ಗಾಳಿಯ ಒತ್ತಡವೂ ಹೆಚ್ಚುತ್ತದೆ. ಕಂಬ ಕನಿಷ್ಠ 3 ಅಡಿಯಾದರೂ ನೆಲದೊಳಗಿದ್ದು, ಬುಡಕ್ಕೆ ಕಾಂಕ್ರೀಟು ಬಿದ್ದಿರಲಿ. ಹಳೆಯ ಕಂಬ ಅಲ್ಲಾಡುತ್ತಿದ್ದರೆ ಅದನ್ನು ಭದ್ರಪಡಿಸದೆ ಪಕ್ಕಕ್ಕೆ ತಗಡು ಹಾಕಿಸಬೇಡಿ.

ಇನ್ನು ವಸ್ತುವಿನ ಆಯ್ಕೆ. ಸತು ಲೇಪಿಸಿದ ತಗಡು, ಅಲ್ಯೂಮಿನಿಯಂ-ಸತು ಲೇಪನದ ಬಣ್ಣದ ತಗಡು ಎರಡೂ ಬಳಸಬಹುದು. ಅಂಗಡಿಯಲ್ಲಿ ಬಣ್ಣ ನೋಡಿ ಕೊಳ್ಳಬೇಡಿ. ದಪ್ಪ ಎಷ್ಟು ಮಿಲಿಮೀಟರ್, ಲೇಪನ ಎಷ್ಟು ಎಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ದನ ಒರಗುವ ಜಾಗಕ್ಕೆ 0.5 ಮಿ.ಮೀ. ದಪ್ಪದ್ದು ಲೇಸು. ಕಲ್ನಾರು ಶೀಟು ಪಕ್ಕಕ್ಕೆ ಬೇಡವೇ ಬೇಡ. ದನ ಒದ್ದರೆ, ಕೊಂಬು ತಾಗಿದರೆ ಅದು ಒಡೆಯುತ್ತದೆ. ಅದರ ನಾರಿನ ಧೂಳು ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಈಗಾಗಲೇ ಹಾಕಿಸಿರುವವರು ಅದನ್ನು ಕೊಯ್ಯುವುದು, ಕೊರೆಯುವುದು, ಒಡೆಯುವುದು ಮಾಡಬಾರದು. ಅಡಿಕೆ ಸೀಮೆಯಲ್ಲಿ ದಬ್ಬೆ, ಬಿದಿರಿರುವ ಕಡೆ ತಟ್ಟಿ ಇಂದಿಗೂ ಒಳ್ಳೆಯ ಮರೆಯೇ. ನಾಲ್ಕಾರು ವರ್ಷಕ್ಕೊಮ್ಮೆ ಬದಲಿಸಬೇಕಾದರೂ ಅವು ಕಾಯುವುದಿಲ್ಲ, ಗಾಳಿಯನ್ನೂ ತಡೆಯುವುದಿಲ್ಲ.

ತಗಡು ಕೂರಿಸುವಾಗ ಈ ಅಂಶಗಳನ್ನು ಗಮನದಲ್ಲಿಡಿ. ತಗಡು ನೆಲಕ್ಕೆ ತಾಗಬಾರದು. ಸಗಣಿ, ಗಂಜಲ ತಗುಲಿದ ತಗಡು ಬುಡದಿಂದಲೇ ತುಕ್ಕು ಹಿಡಿಯುತ್ತದೆ; ಗಿಡ್ಡಗೋಡೆ ಕಟ್ಟಲು ಹೇಳಿದ್ದು ಇದಕ್ಕಾಗಿಯೇ. ಕಂಬದಿಂದ ಕಂಬಕ್ಕೆ ಅಡ್ಡಪಟ್ಟಿಗಳನ್ನು ಮಟ್ಟ ನೋಡಿ ಕೂರಿಸಿ. ಕಲ್ಲುಕಂಬವನ್ನು ಕೊರೆಯದೆ ಕ್ಲಾಂಪು ಹಾಕಿ ಬಿಗಿಯಿರಿ. ಮೊದಲ ತಗಡನ್ನು ತೂಗುಗುಂಡು ಬಿಟ್ಟು ನೇರ ನಿಲ್ಲಿಸಬೇಕು. ಅದು ಓರೆಯಾದರೆ ಉಳಿದವೆಲ್ಲ ಓರೆಯೇ. ಮಳೆಗಾಳಿ ಬರುವ ದಿಕ್ಕಿಗೆ ಎದುರಿನ ತುದಿಯಿಂದ ಆರಂಭಿಸಿ, ಗಾಳಿಯ ದಿಕ್ಕಿಗೆ ಸಾಗಿ ಬನ್ನಿ. ಆಗ ಒಂದರ ಮೇಲೊಂದು ಕೂತ ಅಂಚಿನ ಸಂದಿಗೆ ಗಾಳಿ ನೀರನ್ನು ನುಗ್ಗಿಸುವುದಿಲ್ಲ. ರಬ್ಬರ್ ವಾಷರ್ ಇರುವ ಸ್ಕ್ರೂ ಬಳಸಿ. ಮಾಡಿನಲ್ಲಿ ಸ್ಕ್ರೂ ಉಬ್ಬಿನ ಮೇಲೆ ಬೀಳಬೇಕು, ಪಕ್ಕದಲ್ಲಿ ಅಡ್ಡಪಟ್ಟಿಗೆ ತಾಗುವ ತಗ್ಗಿನಲ್ಲಿ ಬೀಳಬೇಕು. ವಾಷರ್ ಕೂತರೆ ಸಾಕು, ಹಿಂಡಿಹೋಗುವಷ್ಟು ಬಿಗಿಯಬಾರದು. ಕತ್ತರಿಸಲು ತಗಡಿನ ಕತ್ತರಿ ಬಳಸಲು ಹೇಳಿ. ಕಟಿಂಗ್ ಮೆಷಿನ್ನಿನ ಕಿಡಿ ಲೇಪನವನ್ನು ಸುಟ್ಟು ಅಲ್ಲೇ ತುಕ್ಕಿಗೆ ದಾರಿಮಾಡುತ್ತದೆ. ಮೈಲುತುತ್ತ, ರಸಗೊಬ್ಬರದ ಚೀಲಗಳನ್ನು ತಗಡಿಗೆ ಒರಗಿಸಿ ಇಡಬೇಡಿ.

ಕರೆಂಟಿನ ವಿಷಯದಲ್ಲಿ ಅಲಕ್ಷ್ಯ ಸಲ್ಲದು. ದೀಪದ ಇಲ್ಲವೆ ಮೇವು ಕತ್ತರಿಸುವ ಯಂತ್ರದ ವೈರನ್ನು ತಗಡಿಗೆ ಕಟ್ಟಿ ಎಳೆಯುವ ರೂಢಿ ಬಹಳ ಅಪಾಯಕರ. ಇಲಿ ಕಡಿದು ವೈರು ಬಯಲಾದರೆ ಇಡೀ ಪಕ್ಕಕ್ಕೆ ಕರೆಂಟು ಹರಿಯುತ್ತದೆ. ಒದ್ದೆ ನೆಲದ ಮೇಲೆ ನಿಂತ ಹಸುವೂ ಉಳಿಯದು, ಮನುಷ್ಯನೂ ಉಳಿಯನು. ವೈರು ಪಿ.ವಿ.ಸಿ. ಪೈಪಿನೊಳಗೆ ಹಾಯಲಿ, ಅರ್ಥಿಂಗ್ ಸರಿಯಾಗಿರಲಿ, ಸೋರಿಕೆಯಾದೊಡನೆ ಕರೆಂಟು ಕಡಿಯುವ ಸ್ವಿಚ್ಚೂ ಇರಲಿ.

"ತೆರೆದು ಬಿಟ್ಟರೆ ಚಿರತೆಗೆ ಏನು ಮಾಡೋಣ ಸ್ವಾಮಿ?" ಎಂದು ಅನೇಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕರುವೊಂದು ಹೋದರೆ ಬಡ ಸಂಸಾರಕ್ಕೆ ಅದು ಸಣ್ಣ ನಷ್ಟವಲ್ಲ. ಆದರೆ ಚಿರತೆಗೆ ತಡೆ ಬೇಕೇ ಹೊರತು ಗಾಳಿಗೆ ಅಲ್ಲ. ತೆರೆದ ಕಡೆಗಳಿಗೆ ನೆಲದಿಂದ ಮಾಡಿನವರೆಗೆ ಬೆಸುಗೆ ಹಾಕಿದ ದಪ್ಪ ತಂತಿಯ ಬಲೆ ಹೊಡೆಸಿ, ಬಾಗಿಲಿಗೆ ಚಿಲಕ ಇಡಿ. ಪಡುವಣದ ಮುಕ್ಕೋನಕ್ಕೂ, ಸೂರಿನ ಕೆಳಗಿನ ಸಂದಿಗೂ ಇದೇ ಬಲೆಯಿರಲಿ. ಕೊಟ್ಟಿಗೆಯನ್ನೆಲ್ಲ ಬಲೆಯಿಂದ ಬಿಗಿಯಲು ಹಣ ಸಾಲದಿದ್ದರೆ ಕರುಗಳನ್ನು ಕಟ್ಟುವ ಮೂಲೆಗೆ ಮೇಲೂ ಸುತ್ತಲೂ ಬಲೆ ಹಾಕಿ. ಕಳ್ಳರ ಭಯಕ್ಕೂ ಇದೇ ಉಪಾಯ.

ಹುಲ್ಲು, ಕಾಳು, ಅಡಿಕೆ ಇಡುವ ಮನೆಗೆ ಈ ಮಾತು ಅನ್ವಯಿಸುವುದಿಲ್ಲ. ಅವು ಉಸಿರಾಡುವ ಪ್ರಾಣಿಗಳಲ್ಲ. ಅಲ್ಲಿ ಮಳೆ, ಇಲಿ ಎರಡಕ್ಕೂ ಭದ್ರವಾಗಿ ಮುಚ್ಚುವುದೇ ಸರಿ.

ಈ ಬೇಸಿಗೆಯಲ್ಲಿ ಕೊಟ್ಟಿಗೆ ಕಟ್ಟಿಸಬೇಕೆಂದಿರುವವರು ತಗಡಿನ ಅಂಗಡಿಗೆ ಹೋಗುವ ಮೊದಲು ಕಂಬಗಳ ನಡುವೆ ನಿಂತು ಮಳೆ ಎಲ್ಲಿಂದ, ಗಾಳಿ ಎಲ್ಲಿಂದ, ಬಿಸಿಲು ಎಲ್ಲಿಂದ ಎಂದು ಗುರುತು ಮಾಡಿಕೊಳ್ಳಿ. ಈಗಾಗಲೇ ನಾಲ್ಕೂ ಕಡೆ ಮುಚ್ಚಿಸಿರುವವರು ಹೊಸದಾಗಿ ಖರ್ಚು ಮಾಡಬೇಕಾಗಿಲ್ಲ. ಬಡಗಣ ಪಕ್ಕದ ಸ್ಕ್ರೂ ಬಿಚ್ಚಿ ಆ ತಗಡುಗಳನ್ನು ಇಳಿಸಿ, ಗೊಬ್ಬರದ ಗುಂಡಿಗೆ ಮಳೆ ಬೀಳದಂತೆ ಮಾಡು ಹಾಕಿಕೊಳ್ಳಿ. ಹಸುವಿಗೆ ಗಾಳಿ ಸಿಕ್ಕೀತು, ಗೊಬ್ಬರದ ಸಾರವೂ ಕೊಚ್ಚಿಹೋಗದೆ ಉಳಿದೀತು.