ಠಾಣೆಯ ಕಡತಕ್ಕೆ ಸಿಗದ ಪಾಠ

ಸಮಾಜಶಾಸ್ತ್ರ ಓದಿದರೆ ಏನು ಪ್ರಯೋಜನ? ಸ್ಪರ್ಧಾತ್ಮಕ ಪರೀಕ್ಷೆಗೆ ಅನುಕೂಲವಾಗುತ್ತದೆ ಎಂಬುದು ನಮ್ಮ ಪದವಿ ಕಾಲೇಜುಗಳಲ್ಲಿ ಸಿದ್ಧವಾಗಿರುವ ಉತ್ತರ. ಬೇರೆಲ್ಲೂ ಪ್ರವೇಶ ಸಿಗದವರು ಆರಿಸಿಕೊಳ್ಳುವ ವಿಷಯವೆಂದು ಹಗುರವಾಗಿ ಕಾಣುವವರೂ ಇದ್ದಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ವಿದ್ಯಾರ್ಥಿಗಳ ಮಟ್ಟಿಗೆ ಈ ಎರಡೂ ಮಾತುಗಳನ್ನು ನಾನು ಒಪ್ಪಲಾರೆ. ಅಪರಾಧ ಮತ್ತು ನ್ಯಾಯದ ಅಧ್ಯಯನವನ್ನು ಸಮಾಜಶಾಸ್ತ್ರದಿಂದ ಬೇರ್ಪಡಿಸಿದರೆ ಎರಡೂ ಅರ್ಧವಾಗುತ್ತವೆ ಎಂಬುದಕ್ಕೆ ಬೆಳಗಾವಿ ಜಿಲ್ಲೆಯ ಈ ಸೀಮೆಯೇ ಸಾಕ್ಷಿ.

2023ರ ಜುಲೈನಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ಜೈನ ಮುನಿಗಳ ಹತ್ಯೆಯಾಯಿತು. ರಾಯಬಾಗ ತಾಲ್ಲೂಕಿನ ಕೊಳವೆಬಾವಿಯೊಂದರಲ್ಲಿ ದೇಹದ ಭಾಗಗಳು ಪತ್ತೆಯಾದಾಗ ಇಡೀ ರಾಜ್ಯ ಬೆಚ್ಚಿಬಿತ್ತು. ಆರೋಪಿಗಳ ಬಂಧನವೂ ಬೇಗನೆ ಆಯಿತು. ಇಂತಹ ಅಪರಾಧವನ್ನು ಗುರುತಿಸಲು ಕಾನೂನಿಗೆ ಯಾರ ನೆರವೂ ಬೇಕಿಲ್ಲ. ಆದರೆ ಊರೇ ಒಪ್ಪಿಕೊಂಡು ನಡೆಸುವ ಅಪರಾಧಗಳ ವಿಷಯ ಹಾಗಲ್ಲ.

ಅಥಣಿ ತಾಲ್ಲೂಕಿನ ಕೊಕಟನೂರು ಯಲ್ಲಮ್ಮನ ನೆಲೆ. ದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯ ವಿರುದ್ಧ ಮುಂಬೈ ಪ್ರಾಂತ್ಯ 1934ರಲ್ಲಿಯೇ ಕಾನೂನು ತಂದಿತ್ತು. ಕರ್ನಾಟಕ 1982ರಲ್ಲಿ ಮತ್ತೊಂದು ಕಾಯ್ದೆ ರೂಪಿಸಿತು. ಹಾಗಿದ್ದೂ 1993–94 ಮತ್ತು 2007–08ರ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಿಸಲಾದ ದೇವದಾಸಿಯರು 46,660 ಮಂದಿ. ಗಮನಿಸಬೇಕಾದ ಸಂಗತಿಯೆಂದರೆ, ಈ ಲೆಕ್ಕ ದೊರೆತದ್ದು ಸಮೀಕ್ಷೆಯಿಂದ, ಠಾಣೆಯ ಕಡತದಿಂದಲ್ಲ. ಮಗಳಿಗೆ ಮುತ್ತು ಕಟ್ಟಿಸಿದ ತಂದೆತಾಯಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸಲು 1982ರ ಕಾಯ್ದೆಯಲ್ಲಿ ಅವಕಾಶವಿತ್ತು. ಆದರೆ ದೂರು ಕೊಡುವವರು ಯಾರು? ಆ ಮಗಳೇ? ಬಡತನ, ಜಾತಿ ಮತ್ತು ದೇವರ ಭಯ ಒಂದಾಗಿ ಹೆಣೆದ ಈ ಗಂಟನ್ನು ದಂಡಸಂಹಿತೆಯೊಂದೇ ಬಿಚ್ಚಲಾರದು. ಅಥಣಿಯ ವಕೀಲ ಬಿ.ಎಲ್. ಪಾಟೀಲರು ಇದನ್ನು ಅರಿತವರು. ಅವರು ಕಟ್ಟಿದ ವಿಮೋಚನಾ ಸಂಘ ದೇವದಾಸಿಯರ ಮಕ್ಕಳಿಗಾಗಿ ಮಲಾಬಾದದಲ್ಲಿ ವಸತಿ ಶಾಲೆ ತೆರೆಯಿತು. ಕಟಕಟೆಗಿಂತ ಮೊದಲು ತರಗತಿ ಎಂಬ ಈ ತಿಳಿವಳಿಕೆ ಸಮಾಜಶಾಸ್ತ್ರದ್ದೇ.

ಕಾಗವಾಡದ ಮಗ್ಗುಲಲ್ಲೇ ಮಹಾರಾಷ್ಟ್ರದ ಮ್ಹೈಸಾಳ ಇದೆ. 2017ರ ಮಾರ್ಚ್‌ನಲ್ಲಿ ಗರ್ಭಪಾತದ ವೇಳೆ ಮಹಿಳೆಯೊಬ್ಬರು ಮೃತಪಟ್ಟ ಬಳಿಕ ಅಲ್ಲಿ ಹೂತಿದ್ದ 19 ಭ್ರೂಣಗಳು ಪತ್ತೆಯಾದವು. ತನಿಖೆಯ ಜಾಡು ಗಡಿ ದಾಟಿ ಕಾಗವಾಡಕ್ಕೂ ಬಂತು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ ಕಾಯ್ದೆ 1994ರದು. ಇಲ್ಲಿ ವೈದ್ಯನನ್ನು ಹಿಡಿಯಬಹುದು. ಆದರೆ ಅವನ ಬಾಗಿಲಿಗೆ ಕುಟುಂಬಗಳನ್ನು ಕರೆತಂದ ವರದಕ್ಷಿಣೆ, ಆಸ್ತಿ ಮತ್ತು ವಂಶದ ಲೆಕ್ಕಾಚಾರವನ್ನು ಯಾವ ಕಲಮಿನಡಿ ಬಂಧಿಸುವುದು?

ನಿಪ್ಪಾಣಿ ಕಲಿಸುವ ಪಾಠ ಇನ್ನೊಂದು ಬಗೆಯದು. ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ 1981ರಲ್ಲಿ ರೈತರು ಹೆದ್ದಾರಿಯಲ್ಲಿ ಕುಳಿತರು; ಏಪ್ರಿಲ್‌ನಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ರಸ್ತೆ ತಡೆದವರು ಕಾನೂನಿನ ಕಣ್ಣಿಗೆ ತಕ್ಷಣ ಬಿದ್ದರು. ಬೆಳೆಗಾರನ ಕೈ ಕಟ್ಟಿಹಾಕಿದ ವ್ಯಾಪಾರದ ಪದ್ಧತಿ ಬೀಳಲಿಲ್ಲ. ಕೋಟು ತೊಟ್ಟವರ ಅಪರಾಧವನ್ನೂ ಅಪರಾಧವೆಂದೇ ಎಣಿಸಬೇಕೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್‌ಲ್ಯಾಂಡ್ 1939ರಲ್ಲಿ ವಾದಿಸಿದ್ದ. ನಮ್ಮ ವಿದ್ಯಾರ್ಥಿ ಅವನ ವ್ಯಾಖ್ಯೆಯನ್ನು ಅಂಕಗಳಿಗಾಗಿ ಬಾಯಿಪಾಠ ಮಾಡುತ್ತಾನೆ, ನಿಪ್ಪಾಣಿಯ ಹೆಸರನ್ನು ಮಾತ್ರ ಪಠ್ಯದಲ್ಲಿ ಕಾಣುವುದಿಲ್ಲ.

ಕೆಲಸ ಕೊಡದ ಓದು ಬಡವರ ಮಕ್ಕಳಿಗೇಕೆ ಎಂಬ ಆಕ್ಷೇಪ ಸಹಜ. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಅಪರಾಧ ಕಾನೂನುಗಳು ಇದಕ್ಕೆ ಭಾಗಶಃ ಉತ್ತರ ನೀಡಿವೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಪ್ರಕರಣಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು. ಕೃತ್ಯ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ದಾಖಲಿಸಬಹುದು. ಗಡಿ ಸೀಮೆಗೆ ಇದು ದೊಡ್ಡ ಅನುಕೂಲ. ಆದರೆ ಮರಾಠಿಯಲ್ಲಿ ಅಳಲು ತೋಡಿಕೊಳ್ಳುವ ಹೆಣ್ಣುಮಗಳ ಮಾತನ್ನು ಅರ್ಥಗೆಡದಂತೆ ಕನ್ನಡದಲ್ಲಿ ಬರೆದುಕೊಳ್ಳುವ ಸಿಬ್ಬಂದಿ ಬೇಕಲ್ಲ? ಎರಡೂ ಭಾಷೆ ಬಲ್ಲ ಇಲ್ಲಿನ ಯುವಜನರಿಗಿಂತ ಈ ಕೆಲಸಕ್ಕೆ ತಕ್ಕವರು ಯಾರು?

ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ಅಪರಾಧ ನ್ಯಾಯದ ಸ್ನಾತಕೋತ್ತರ ವಿಭಾಗವಿದೆ. ಅದರ ನೆರವಿನಿಂದ ತಾಲ್ಲೂಕು ಕಾಲೇಜುಗಳ ಸಮಾಜಶಾಸ್ತ್ರದ ಪಾಠವನ್ನು ತರಗತಿಯ ಹೊರಗೆ ತರುವುದು ಕಷ್ಟವಲ್ಲ. ನ್ಯಾಯಾಲಯದ ಕಲಾಪ ಸಾರ್ವಜನಿಕರಿಗೆ ತೆರೆದಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಪ್ರತಿ ವಿದ್ಯಾರ್ಥಿಯೂ ಅಂತಿಮ ವರ್ಷದಲ್ಲಿ ಕೆಲವು ದಿನ ಅಲ್ಲಿ ಕುಳಿತು, ತನ್ನ ಊರಿನ ಒಂದು ಸಮಸ್ಯೆಯನ್ನು ಸಮೀಕ್ಷೆ ಮಾಡಿ ವರದಿ ಬರೆಯಲಿ. ಅದಕ್ಕೆ ಅಂಕಗಳೂ ಇರಲಿ. ಹೀಗೆ ಓದಿದವರಲ್ಲಿ ಹಲವರು ನಾಳೆ ಖಾಕಿ ತೊಡುವವರು, ಶಾಲೆಯಲ್ಲಿ ಪಾಠ ಹೇಳುವವರು, ಪಂಚಾಯಿತಿ ಕಚೇರಿಯಲ್ಲಿ ಕೂರುವವರು. ಮುತ್ತು ಕಟ್ಟುವ ಸುದ್ದಿಯೊಂದು ತಮ್ಮ ಕಿವಿಗೆ ಬಿದ್ದಾಗ, ಅದನ್ನು ಮನೆತನದ ವಿಷಯವೆಂದು ಅವರು ಕೈಬಿಡಬಾರದು.