ಚೆಂಡೊಂದಕ್ಕೆ 49 ಲಕ್ಷ ರೂಪಾಯಿ

2024ರ ನವೆಂಬರ್ ಕೊನೆಯಲ್ಲಿ ಸೌದಿ ಅರೇಬಿಯಾದ ಜೆಡ್ಡಾ ನಗರದಲ್ಲಿ ಐಪಿಎಲ್ ಆಟಗಾರರ ಹರಾಜು ನಡೆಯಿತು. ಬಿಹಾರದ ಸಮಸ್ತಿಪುರ ಜಿಲ್ಲೆಯ ವೈಭವ್ ಸೂರ್ಯವಂಶಿ ಎಂಬ 13 ವರ್ಷದ ಹುಡುಗನನ್ನು ರಾಜಸ್ಥಾನ ರಾಯಲ್ಸ್ ತಂಡ 1 ಕೋಟಿ 10 ಲಕ್ಷ ರೂಪಾಯಿಗೆ ಕೊಂಡುಕೊಂಡಿತು. ಮಗನ ತರಬೇತಿಗಾಗಿ ತಂದೆ ಜಮೀನು ಮಾರಿದ್ದರೆಂಬ ಸಂಗತಿಯೂ ಪತ್ರಿಕೆಗಳಲ್ಲಿ ಬಂತು. ಐದು ತಿಂಗಳ ಬಳಿಕ, 14 ತುಂಬಿದ ಆ ಹುಡುಗ 35 ಚೆಂಡುಗಳಲ್ಲಿ ಶತಕ ಬಾರಿಸಿದಾಗ ಜಮೀನು ಮಾರಿದ್ದು ಸಾರ್ಥಕವಾಯಿತೆಂದು ಎಲ್ಲರೂ ತಲೆದೂಗಿದರು.

ಇಂಥ ಸುದ್ದಿ ಓದಿದ ಮರುದಿನ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿಗೆ ಒಂದೇ ಮಾತು ಏಳುತ್ತದೆ. ‘ನಾನೂ ಆಡುತ್ತೇನೆ, ಟ್ಯೂಷನ್ ಬಿಡಿಸಿ ಅಕಾಡೆಮಿಗೆ ಸೇರಿಸಿ’ ಎಂದು ಮಗ ಹಟ ಹಿಡಿಯುತ್ತಾನೆ. ‘ಮೊದಲು ಎಸ್ಸೆಸ್ಸೆಲ್ಸಿ ಮುಗಿಸು’ ಎಂದು ತಾಯಿ ಗದರುತ್ತಾಳೆ. ತಂದೆ ಬ್ಯಾಂಕಿನ ಪಾಸ್‌ಬುಕ್ ನೆನೆದು ಸುಮ್ಮನಾಗುತ್ತಾನೆ. ಈ ಮೂವರಲ್ಲಿ ಯಾರ ಮಾತೂ ತಪ್ಪಲ್ಲ. ಆದರೆ ಆಟದಲ್ಲಿ ಹಣ ಎಲ್ಲಿಂದ ಬರುತ್ತದೆ, ಯಾರ ಕೈಸೇರುತ್ತದೆ ಎಂಬುದನ್ನು ತಿಳಿಯದೆ ಈ ವಾದವನ್ನು ಬಗೆಹರಿಸುವುದು ಕಷ್ಟ.

ಅದೇ ಹರಾಜಿನ ಇನ್ನೊಂದು ಲೆಕ್ಕ ಅಷ್ಟಾಗಿ ಸುದ್ದಿಯಾಗಲಿಲ್ಲ. ಹೆಸರು ನೋಂದಾಯಿಸಿದವರು 1,574 ಮಂದಿ. ಅವರಲ್ಲಿ ಭಾರತೀಯರು 1,165. ಮಾರಾಟವಾದವರು ಒಟ್ಟು 182 ಮಂದಿ. ಅವರಲ್ಲಿ ಭಾರತೀಯರು 120. ಅಂದರೆ ಹತ್ತರಲ್ಲಿ ಒಬ್ಬರು. ಹೀಗೆ ಹೆಸರು ಕೊಟ್ಟವರು ಗಲ್ಲಿ ಕ್ರಿಕೆಟ್ ಆಡುವವರಲ್ಲ. ತಮ್ಮ ತಮ್ಮ ರಾಜ್ಯಗಳಲ್ಲಿ ಆಗಲೇ ಗುರುತಿಸಿಕೊಂಡವರು.

ಚಪ್ಪಾಳೆಯಿಂದ ಕೋಟಿಗೆ

ಕ್ರಿಕೆಟ್ಟಿನಲ್ಲಿ ಹಣ ಎಂದಿನಿಂದಲೂ ಇರಲಿಲ್ಲ. 1983ರಲ್ಲಿ ಭಾರತ ವಿಶ್ವಕಪ್ ಗೆದ್ದಿತು. ಬೆಂಗಳೂರಿನ ರೋಜರ್ ಬಿನ್ನಿ 18 ವಿಕೆಟ್ ಪಡೆದು ಆ ಪಂದ್ಯಾವಳಿಯಲ್ಲೇ ಮೊದಲಿಗರಾದರು. ಆದರೆ ಗೆದ್ದು ಬಂದವರಿಗೆ ತಕ್ಕ ಬಹುಮಾನ ಕೊಡಲು ಕ್ರಿಕೆಟ್ ಮಂಡಳಿಯ ಬಳಿ ಹಣವಿರಲಿಲ್ಲ. ಕೊನೆಗೆ ಗಾಯಕಿ ಲತಾ ಮಂಗೇಶ್ಕರ್ ದೆಹಲಿಯಲ್ಲಿ ಕಚೇರಿ ನಡೆಸಿಕೊಟ್ಟರು. ಅದರಿಂದ ಬಂದ ಹಣದಲ್ಲಿ ಪ್ರತಿ ಆಟಗಾರನಿಗೆ ತಲಾ 1 ಲಕ್ಷ ರೂಪಾಯಿ ಸಿಕ್ಕಿತು. ಆಗಿನ ದಿನಗಳಲ್ಲಿ ಪಂದ್ಯವನ್ನು ದೂರದರ್ಶನದಲ್ಲಿ ತೋರಿಸಬೇಕಾದರೆ ಮಂಡಳಿಯೇ ಹಣ ತೆರಬೇಕಾಗಿತ್ತು!

ಈ ವ್ಯವಹಾರ ತಲೆಕೆಳಗಾದದ್ದು ತೊಂಬತ್ತರ ದಶಕದಲ್ಲಿ. ಪ್ರಸಾರದ ಹಕ್ಕು ಯಾರದು ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯವಿಲ್ಲ ಎಂದು 1995ರ ಫೆಬ್ರುವರಿಯಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಅಲ್ಲಿಂದ ಮುಂದೆ ಕ್ರಿಕೆಟ್ ಮಂಡಳಿ ಮಾರಾಟಗಾರನಾಯಿತು, ಟಿವಿ ಸಂಸ್ಥೆಗಳು ಗಿರಾಕಿಗಳಾದವು. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್‌ನ ಮೊದಲ ಪಂದ್ಯ ನಡೆಯಿತು. 2022ರಲ್ಲಿ ಈ ಲೀಗಿನ ಐದು ವರ್ಷಗಳ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಬಿಕರಿಯಾಯಿತು.

ವಿದ್ಯಾರ್ಥಿಗಳು ಇಲ್ಲಿ ಪೆನ್ಸಿಲ್ ಹಿಡಿಯಬಹುದು. ಹರಾಜಿನ ವೇಳೆ ಲೆಕ್ಕಕ್ಕೆ ಹಿಡಿದದ್ದು 410 ಪಂದ್ಯ. ಭಾಗಿಸಿದರೆ ಪಂದ್ಯವೊಂದಕ್ಕೆ ಸುಮಾರು 118 ಕೋಟಿ. ಎರಡೂ ತಂಡಗಳು ಪೂರ್ತಿ 20 ಓವರ್ ಆಡಿದರೆ 240 ಚೆಂಡು. ಹಾಗಾದರೆ ಚೆಂಡೊಂದಕ್ಕೆ 49 ಲಕ್ಷ ರೂಪಾಯಿ.

ಈ ಹಣ ಕೊಡುವವರು ಯಾರು? ಕಣ್ಣಿಗೆ ಕಾಣುವುದು ಟಿವಿ ಸಂಸ್ಥೆ, ಅದರ ಹಿಂದೆ ಜಾಹೀರಾತುದಾರ, ಅವನ ಹಿಂದೆ ಸೋಪು, ತಂಪು ಪಾನೀಯ, ಮೊಬೈಲು ಕೊಳ್ಳುವ ಸಾಮಾನ್ಯ ಮನೆ. ಹನಿಗೂಡಿದರೆ ಹಳ್ಳ ಎಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಜಾಹೀರಾತಿಗೆ ಬೇಕಾದ ಬಿಡುವೂ ಕ್ರಿಕೆಟ್ಟಿನಲ್ಲಿ ಧಾರಾಳವಾಗಿದೆ. ಓವರ್ ಮುಗಿದರೆ ಒಂದು, ವಿಕೆಟ್ ಬಿದ್ದರೆ ಇನ್ನೊಂದು. ಫುಟ್‌ಬಾಲ್‌ನಲ್ಲಾದರೋ ಒಮ್ಮೆ ಸೀಟಿ ಊದಿದರೆ 45 ನಿಮಿಷ ಆಟ ಓಡುತ್ತಲೇ ಇರುತ್ತದೆ.

ಆದ್ದರಿಂದ ಆಟಗಾರನ ಗಳಿಕೆ ಅವನ ಶ್ರಮಕ್ಕೆ ಅನುಗುಣವಾಗಿರುತ್ತದೆ ಎಂದು ಭಾವಿಸುವುದು ತಪ್ಪು. ಎಷ್ಟು ಜನ ನೋಡುತ್ತಾರೆ ಎಂಬುದೇ ಇಲ್ಲಿ ಬೆಲೆ ಕಟ್ಟುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10 ಗೋಲು ಹೊಡೆದು ಭಾರತಕ್ಕೆ ಕಂಚಿನ ಪದಕ ತಂದುಕೊಟ್ಟ ಹಾಕಿ ತಂಡದ ನಾಯಕ ಹರ್ಮನ್‌ಪ್ರೀತ್ ಸಿಂಗ್, ಅದೇ ವರ್ಷದ ಹಾಕಿ ಲೀಗ್ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಪಡೆದರು. ಆ ಬೆಲೆ 78 ಲಕ್ಷ ರೂಪಾಯಿ. ಒಂದು ತಿಂಗಳ ಬಳಿಕ ಕ್ರಿಕೆಟ್ಟಿನ 13 ವರ್ಷದ ಬಾಲಕನಿಗೆ ದೊರೆತದ್ದು 1 ಕೋಟಿ 10 ಲಕ್ಷ.

ತಾರೆಗಳ ಲೆಕ್ಕ

ಮೇಲಿನವನಿಗೆ ಅಷ್ಟೊಂದು, ಕೆಳಗಿನವನಿಗೆ ಇಷ್ಟೇ ಇಷ್ಟು, ಏಕೆ? ಅಮೆರಿಕದ ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸೆನ್ 1981ರಲ್ಲೇ ಇದಕ್ಕೆ ಉತ್ತರ ಹೇಳಿದ್ದರು. ಅವರ ವಾದವನ್ನು ಇಲ್ಲಿಯ ಉದಾಹರಣೆಯಿಂದ ತಿಳಿಯಬಹುದು. ಬಯಲಾಟದ ಕಾಲದಲ್ಲಿ ಭಾಗವತರ ಹಾಡು ಕೇಳುತ್ತಿದ್ದವರು ಆ ಗದ್ದೆಯಲ್ಲಿ ಕುಳಿತವರಷ್ಟೇ. ಪಕ್ಕದ ಊರಿನವರಿಗೆ ಬೇರೆ ಮೇಳ, ಬೇರೆ ಭಾಗವತರು ಬೇಕಾಗುತ್ತಿತ್ತು. ಹೀಗಾಗಿ ಹತ್ತನೆಯ ಸ್ಥಾನದ ಕಲಾವಿದನಿಗೂ ಅನ್ನಕ್ಕೆ ದಾರಿಯಿತ್ತು. ಕ್ಯಾಸೆಟ್ ಬಂದ ಮೇಲೆ ಅತ್ಯುತ್ತಮ ಭಾಗವತರ ಹಾಡು ಎಲ್ಲ ಊರಿನ ಎಲ್ಲ ಮನೆಗೂ ತಲುಪಿತು. ಕೈಗೆ ಉತ್ತಮವಾದದ್ದೇ ಸಿಗುವಾಗ ಹತ್ತನೆಯದನ್ನು ಕೊಳ್ಳುವವರು ಯಾರು?

ಆಟದಲ್ಲೂ ಆದದ್ದು ಇದೇ. ಒಂದನೆಯವನಿಗೂ ಇಪ್ಪತ್ತನೆಯವನಿಗೂ ಪ್ರತಿಭೆಯಲ್ಲಿ ಕೂದಲೆಳೆಯ ವ್ಯತ್ಯಾಸ. ಸಂಪಾದನೆಯಲ್ಲಿ ಬೆಟ್ಟದಷ್ಟು ಅಂತರ. ಅದೇ ಜೆಡ್ಡಾ ಹರಾಜಿನಲ್ಲಿ ರಿಷಭ್ ಪಂತ್ ಪಡೆದದ್ದು 27 ಕೋಟಿ. ಅತಿ ಕಡಿಮೆ ಮೂಲಬೆಲೆ 30 ಲಕ್ಷ. ಇದರ ನಡುವೆ ಇನ್ನೊಂದು ಮಾತನ್ನೂ ಗಮನಿಸಬೇಕು. ಆ ಸಾಲಿನಲ್ಲಿ ಹತ್ತು ತಂಡಗಳೂ ಆಟಗಾರರ ಮೇಲೆ ತಲಾ 120 ಕೋಟಿಗಿಂತ ಹೆಚ್ಚು ತೊಡಗಿಸುವಂತಿರಲಿಲ್ಲ. ಒಟ್ಟು 1,200 ಕೋಟಿ. ಪಂದ್ಯ ಸಂಭಾವನೆ ಇದರ ಹೊರಗಿದ್ದರೂ, ಪ್ರಸಾರ ಹಕ್ಕಿನ ಒಂದು ವರ್ಷದ ಹಣಕ್ಕೆ ಹೋಲಿಸಿದರೆ ಇದು ಎಂಟರಲ್ಲಿ ಒಂದು ಪಾಲು ಮಾತ್ರ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಆಟಗಾರರು ಸಂಘ ಕಟ್ಟಿ ಚೌಕಾಶಿ ಮಾಡಿ ಆದಾಯದ ಹೆಚ್ಚುಕಡಿಮೆ ಅರ್ಧ ಪಾಲು ಪಡೆಯುತ್ತಾರೆ.

ನಡುವಿನ ಮೆಟ್ಟಿಲು

ಐಪಿಎಲ್ ಬೇಡ, ರಾಜ್ಯ ತಂಡಕ್ಕೆ ಆಡಿದರೂ ಸಾಕಲ್ಲವೇ ಎಂದು ಪಾಲಕರು ಕೇಳಬಹುದು. ಖಂಡಿತ ಸಾಕು. 2021ರ ಪರಿಷ್ಕರಣೆಯಂತೆ ರಣಜಿ ಪಂದ್ಯದಲ್ಲಿ ಆಡುವ ಹೊಸಬನಿಗೂ ದಿನಕ್ಕೆ 40,000 ರೂಪಾಯಿ ನಿಗದಿಯಾಯಿತು. 40 ಪಂದ್ಯ ಮೀರಿದ ಅನುಭವಿಗೆ 60,000. ನಾಲ್ಕು ದಿನದ ಪಂದ್ಯಕ್ಕೆ ಹೊಸಬನ ಗಳಿಕೆ 1 ಲಕ್ಷ 60 ಸಾವಿರ. ಲೀಗ್ ಹಂತದ ಏಳು ಪಂದ್ಯಗಳನ್ನೂ ಆಡಿದರೆ 11 ಲಕ್ಷ 20 ಸಾವಿರ. ಸಣ್ಣ ಮೊತ್ತವೇನಲ್ಲ. ಆದರೆ ಇದು ಹನ್ನೊಂದರಲ್ಲಿ ಹೆಸರಿದ್ದರೆ ಮಾತ್ರ. ಮೀಸಲು ಆಟಗಾರನಿಗೆ ಅರ್ಧ.

ಇನ್ನು ಜಾಗಗಳೆಷ್ಟು? ರಣಜಿಯಲ್ಲಿ ಆಡುವ ತಂಡಗಳು 38. ಹನ್ನೊಂದರಿಂದ ಗುಣಿಸಿದರೆ ಇಡೀ ದೇಶಕ್ಕೆ 418 ಸ್ಥಾನ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಸೀಟುಗಳನ್ನು ಎಣಿಸುವುದು ಹತ್ತಾರು ಸಾವಿರಗಳಲ್ಲಿ. ಕರ್ನಾಟಕ ರಣಜಿ ತಂಡದ ಸೀಟು ಹನ್ನೊಂದು. ಅವೂ ಪ್ರತಿ ವರ್ಷ ಖಾಲಿಯಾಗುವುದಿಲ್ಲ. ಒಳಹೊಕ್ಕವನು ಎಂಟು-ಹತ್ತು ವರ್ಷ ನಿಂತರೆ ಹೊಸಬರಿಗೆ ವರ್ಷಕ್ಕೆ ಒಂದೋ ಎರಡೋ ಜಾಗ ತೆರವಾದೀತು. ಇಪ್ಪತ್ತರಲ್ಲಿ ಶುರುವಾದ ವೃತ್ತಿ ಮೂವತ್ತೈದಕ್ಕೆ ಮುಗಿಯುತ್ತದೆ. ಮೊಣಕಾಲು ಕೈಕೊಟ್ಟರೆ ಇಪ್ಪತ್ತಮೂರಕ್ಕೇ ಮುಗಿಯಬಹುದು. ಗುಮಾಸ್ತನ ಕೆಲಸಕ್ಕಾದರೂ ಅರುವತ್ತರವರೆಗೆ ಸಂಬಳವುಂಟು.

ಹಿಂದಿನವರಿಗೆ ಈ ಸತ್ಯ ಗೊತ್ತಿತ್ತು. 1962ರಲ್ಲಿ ಟೆಸ್ಟ್ ಆಡಿದ ಎರಪಳ್ಳಿ ಪ್ರಸನ್ನ, ತಂದೆ ತೀರಿಕೊಂಡ ಮೇಲೆ ಎಂಜಿನಿಯರಿಂಗ್ ಪದವಿ ಮುಗಿಸುವುದಕ್ಕಾಗಿ ಆಟದಿಂದ ದೂರ ಸರಿದರು. ಮುಂದಿನ ಟೆಸ್ಟ್ ಆಡಿದ್ದು 1967ರಲ್ಲಿ. ಐದು ವರ್ಷ ಬಿಟ್ಟರೂ ಒಟ್ಟು 189 ವಿಕೆಟ್ ಪಡೆದರು. ಗುಂಡಪ್ಪ ವಿಶ್ವನಾಥ್ ಸ್ಟೇಟ್ ಬ್ಯಾಂಕಿನ ನೌಕರರಾಗಿದ್ದರು. ಅನಿಲ್ ಕುಂಬ್ಳೆ ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದರು. ಜಾವಗಲ್ ಶ್ರೀನಾಥ್ ಮೈಸೂರಿನಲ್ಲಿ ಎಂಜಿನಿಯರಾದರು. ಮಹೇಂದ್ರ ಸಿಂಗ್ ಧೋನಿ ಖರಗ್‌ಪುರ ರೈಲು ನಿಲ್ದಾಣದಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದದ್ದು ಈಗ ಎಲ್ಲರಿಗೂ ತಿಳಿದ ಕತೆ. ಓದು ಇವರ ಆಟಕ್ಕೆ ಅಡ್ಡ ಬರಲಿಲ್ಲ. ಕೈಯಲ್ಲಿ ಪದವಿಯೋ ನೌಕರಿಯೋ ಇದ್ದದ್ದರಿಂದ ಸೋಲಿನ ಭಯವಿಲ್ಲದೆ ಆಡಲು ಸಾಧ್ಯವಾಯಿತು.

ಹೊಸ ಬಾಗಿಲುಗಳು

ಹಾಗೆಂದು ಚಿತ್ರವೆಲ್ಲ ಕಪ್ಪಲ್ಲ. 2005ರ ಮಹಿಳಾ ವಿಶ್ವಕಪ್ಪಿನಲ್ಲಿ ಫೈನಲ್ ತಲುಪಿದ ಭಾರತ ತಂಡದ ಆಟಗಾರ್ತಿಯರಿಗೆ ಸಿಕ್ಕಿದ್ದು ಪಂದ್ಯಕ್ಕೆ 1,000 ರೂಪಾಯಿ ಎಂದು ಆಗಿನ ನಾಯಕಿ ಮಿಥಾಲಿ ರಾಜ್ ಹೇಳಿದ್ದಾರೆ. 2022ರಲ್ಲಿ ಅಂತಾರಾಷ್ಟ್ರೀಯ ಪಂದ್ಯಗಳ ಸಂಭಾವನೆಯನ್ನು ಪುರುಷರಿಗೂ ಮಹಿಳೆಯರಿಗೂ ಸಮಾನಗೊಳಿಸಲಾಯಿತು. ಮರುವರ್ಷ ಮಹಿಳಾ ಲೀಗ್ ಬಂತು. ಮೊದಲ ಹರಾಜಿನಲ್ಲೇ ಸ್ಮೃತಿ ಮಂಧಾನಾ ಅವರನ್ನು ಬೆಂಗಳೂರು ತಂಡ 3 ಕೋಟಿ 40 ಲಕ್ಷಕ್ಕೆ ಪಡೆಯಿತು. 2025ರ ನವೆಂಬರಿನಲ್ಲಿ ಭಾರತದ ವನಿತೆಯರು ವಿಶ್ವಕಪ್ ಗೆದ್ದಾಗ ಮಂಡಳಿ ಘೋಷಿಸಿದ ಬಹುಮಾನ 51 ಕೋಟಿ. ‘ಹುಡುಗಿಗೆ ಯಾಕೆ ಬ್ಯಾಟು’ ಎನ್ನುತ್ತಿದ್ದ ಮನೆಗಳು ಈ ಲೆಕ್ಕವನ್ನೂ ನೋಡಬೇಕು.

ಶಾಲೆಯ ಅಂಗಳದ ಕಬಡ್ಡಿಯೂ 2014ರಲ್ಲಿ ಲೀಗ್ ಆಗಿ ಟಿವಿಗೆ ಬಂತು. ಮೂವತ್ತು ಸೆಕೆಂಡಿನಲ್ಲಿ ಮುಗಿಯುವ ದಾಳಿ ಟಿವಿಗೆ ಹೇಳಿ ಮಾಡಿಸಿದಂತಿತ್ತು. 2023ರಲ್ಲಿ ಪವನ್ ಸೆಹ್ರಾವತ್ ಎಂಬ ಆಟಗಾರನಿಗೆ 2 ಕೋಟಿ 60 ಲಕ್ಷ ಸಿಕ್ಕಿತು. ಇತರ ಕ್ರೀಡೆಗಳ ಎಳೆಯರಿಗೆ ಖೇಲೋ ಇಂಡಿಯಾ ಯೋಜನೆಯಡಿ ಆಯ್ಕೆಯಾದರೆ ತರಬೇತಿಯ ಜೊತೆಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೆ ದೊರೆಯುವ ವ್ಯವಸ್ಥೆಯಾಗಿದೆ. ರಾಜ್ಯದ ಕ್ರೀಡಾ ವಸತಿ ನಿಲಯಗಳಿವೆ. ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳು ಕ್ರೀಡಾಪಟುಗಳನ್ನು ನೇಮಿಸಿಕೊಳ್ಳುತ್ತವೆ. ಆಡುವ ಹನ್ನೊಂದು ಮಂದಿಯ ಸುತ್ತ ಫಿಸಿಯೋಥೆರಪಿಸ್ಟ್, ತರಬೇತುದಾರ, ಅಂಪೈರ್, ಪಿಚ್ ಸಿದ್ಧಪಡಿಸುವವ, ಅಂಕಿ-ಅಂಶ ವಿಶ್ಲೇಷಕ ಹೀಗೆ ಬೇರೆ ಬೇರೆ ವೃತ್ತಿಗಳೂ ಬೆಳೆದಿವೆ. ಇವುಗಳಲ್ಲಿ ಮೂವತ್ತೈದಕ್ಕೆ ನಿವೃತ್ತಿಯಿಲ್ಲ. ಆದರೆ ಹೆಚ್ಚಿನವಕ್ಕೆ ಓದು ಬೇಕು.

ಹಾಗಾದರೆ ಊಟದ ಹೊತ್ತಿನ ಆ ವಾದಕ್ಕೆ ಪರಿಹಾರವೇನು? ಮಗನ ಆಸೆಯನ್ನು ಚಿವುಟುವುದೂ ಬೇಡ, ಅದರ ಮೇಲೆ ಮನೆಮಠ ಒತ್ತೆ ಇಡುವುದೂ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಅಕಾಡೆಮಿಯ ಶುಲ್ಕ, ಬ್ಯಾಟು, ಪ್ಯಾಡು, ಪ್ರಯಾಣ ಎಲ್ಲ ಸೇರಿ ವರ್ಷಕ್ಕೆ ಇಷ್ಟೇ ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಕಳೆದುಕೊಂಡರೂ ಸಂಸಾರ ನಡೆಯುವಷ್ಟು ಹಣವನ್ನೇ ಇದಕ್ಕೆ ತೆಗೆದಿಡಬೇಕು. ‘ನಿಮ್ಮ ಮಗನಿಗೆ ಭವಿಷ್ಯವಿದೆ’ ಎಂಬ ತರಬೇತುದಾರನ ಹೊಗಳಿಕೆ ಅಳತೆಗೋಲಾಗದು. ಅವನಿಗೆ ಅದರಲ್ಲಿ ಶುಲ್ಕದ ಲಾಭವೂ ಇದೆ. ಹದಿನಾಲ್ಕು, ಹದಿನಾರು, ಹತ್ತೊಂಬತ್ತು ವರ್ಷದೊಳಗಿನವರ ತಂಡಗಳ ಆಯ್ಕೆಯೇ ನಿಜವಾದ ಪರೀಕ್ಷೆ. ಒಂದೊಂದು ಹಂತದಲ್ಲೂ ತಂದೆ, ತಾಯಿ, ಮಗ ಮೂವರೂ ಕೂತು ಮುಂದೇನು ಎಂದು ಮಾತನಾಡಬೇಕು. ಶಾಲೆಯ ಹಾಜರಾತಿ ಮಾತ್ರ ಎಲ್ಲಿಯೂ ತಪ್ಪಬಾರದು.

ಸಮಸ್ತಿಪುರದ ತಂದೆ ಜಮೀನು ಮಾರಿದರು, ಮಗ ಗೆದ್ದ. ಹೀಗೆ ಮಾರಿ ಸೋತವರ ಹೆಸರು ಪತ್ರಿಕೆಗಳಲ್ಲಿ ಬರುವುದಿಲ್ಲ. ಲೆಕ್ಕ ಹಾಕುವಾಗ ಅವರನ್ನೂ ನೆನೆಯಬೇಕು.

ಹಣವಿಲ್ಲದಿದ್ದರೆ ಆಟವೇ ವ್ಯರ್ಥವೇ? ಕೊಡಗಿನ ಕಡೆ ಒಮ್ಮೆ ನೋಡಿದರೆ ಉತ್ತರ ಸಿಗುತ್ತದೆ. 1997ರಲ್ಲಿ ಅಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಉತ್ಸವ ಶುರುವಾಯಿತು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಉತ್ಸವದಲ್ಲಿ 360 ಕುಟುಂಬ ತಂಡಗಳು ಪಾಲ್ಗೊಂಡವು. ಒಂದೇ ಮನೆತನದ ಹಿರಿಯರೂ ಕಿರಿಯರೂ ಜೊತೆಗೂಡಿ ಮೈದಾನಕ್ಕಿಳಿಯುತ್ತಾರೆ. ಅಲ್ಲಿ ಯಾರನ್ನೂ ಹರಾಜಿಗೆ ಇಡುವುದಿಲ್ಲ. ಪಂದ್ಯ ಮುಗಿದ ಮೇಲೆ ಒಬ್ಬ ತನ್ನ ಕಾಫಿ ತೋಟಕ್ಕೆ, ಇನ್ನೊಬ್ಬ ತನ್ನ ಕಚೇರಿಗೆ, ಮಗದೊಬ್ಬ ತನ್ನ ಪರೀಕ್ಷೆಗೆ ಹೊರಡುತ್ತಾನೆ. ಮುಂದಿನ ವರ್ಷ ಮತ್ತೆ ಸ್ಟಿಕ್ ಹಿಡಿದು ಬರುತ್ತಾನೆ.