ಒಂಟಿ ಗೊರಸಿನ ಕರುವಿಗೆ ಗ್ರಹಣ ಕಾರಣ ಅಲ್ಲ

ಈ ಸಲ ಸ್ವಲ್ಪ ಉದ್ದ ಇದೆ, ಡೈರಿಗೆ ಹಾಲು ಹಾಕಿ ಬಂದ ಮೇಲೆ ಪುರುಸೊತ್ತಾಗಿ ಓದಿ.

ಹೋದ ಕಾರ್ತಿಕದಲ್ಲಿ ನಮ್ಮ ಎಚ್ಚೆಫ್ ಹಸು ಎರಡನೇ ಕರು ಹಾಕಿತು. ಹೆಣ್ಣುಗರು. ಮೈ ಒರೆಸುವಾಗ ನೋಡಿದರೆ ಮುಂದಿನ ಬಲಗಾಲಿನ ಗೊರಸು ಸೀಳೇ ಇಲ್ಲ, ಕತ್ತೆ ಕಾಲಿನ ಹಾಗೆ ಒಂದೇ. ಅಮ್ಮ, "ಗ್ರಹಣದ ದಿನ ಗಬ್ಬದ ಹಸುನ ಹೊರಗೆ ಕಟ್ಟಿದ್ದೆ, ಅದಕ್ಕೇ ಹಿಂಗಾಯ್ತು" ಅಂದರು. ಪಕ್ಕದ ಹೊಲದ ಅಣ್ಣ, "ಸುಳಿ ಸರಿ ಇಲ್ಲ ಕಣಯ್ಯ, ಯಾರಿಗೂ ಹೇಳಬೇಡ, ಸಂತೆಗೆ ಹೊಡಿ" ಅಂದ. ಡಾಕ್ಟ್ರು ಬಂದು ನೋಡಿ ಒಂದೇ ಮಾತು ಕೇಳಿದರು: "ಯಾವ ಹೋರಿ ಸೆಮೆನ್ನು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಚೀಟಿ ಇಸ್ಕೊಂಡಿರಲಿಲ್ಲ. ಕರು ಕುಂಟಿಕೊಂಡೇ ಮೂರು ತಿಂಗಳು ಇತ್ತು, ಆಮೇಲೆ ಹೋಯಿತು.

ಟೆಸ್ಟ್ ಮಾಡಿಸಿಲ್ಲ, ಹಾಗಾಗಿ ನಮ್ಮ ಕರುವಿನದು ಇದೇ ಅಂತ ನೂರಕ್ಕೆ ನೂರು ಹೇಳಲ್ಲ. ಆದರೆ ಎಚ್ಚೆಫ್ ತಳಿಯಲ್ಲಿ ಇಂಥ ವಂಶದೋಷ ಇರೋದು ನಿಜ. ಇಂಗ್ಲಿಷಿನಲ್ಲಿ ಮ್ಯೂಲ್ ಫೂಟ್, ಅಂದರೆ ಹೇಸರಗತ್ತೆ ಕಾಲು ಅಂತಾರೆ. ಹೆಚ್ಚಾಗಿ ಕಾಣಿಸೋದು ಮುಂದಿನ ಬಲಗಾಲಿನಲ್ಲೇ. ತಾಯಿ, ತಂದೆ ಎರಡೂ ಕಡೆಯಿಂದ ಬಂದರೆ ಮಾತ್ರ ಹೊರಗೆ ಕಾಣುತ್ತೆ. ಒಂದೇ ಕಡೆಯಿಂದ ಬಂದರೆ ಒಳಗೇ ಅಡಗಿರುತ್ತೆ. ಹೋರಿ ನೋಡೋಕೆ ರಾಜನ ಹಂಗಿರುತ್ತೆ, ಮಕ್ಕಳು ಹಾಲಿನ ಹೊಳೆ ಹರಿಸುತ್ತವೆ, ಆದರೂ ದೋಷ ಹೊತ್ತಿರುತ್ತೆ. ಅಂಥ ಹೋರಿ, ಅಂಥದೇ ಹಸು ಸೇರಿದರೆ ಸರಾಸರಿ ನಾಲ್ಕು ಕರುವಿಗೆ ಒಂದು ಹೀಗೆ ಹುಟ್ಟುತ್ತೆ.

ಹೋರಿ ಒಳಗೆ ಅಡಗಿದ್ದನ್ನ ಕಂಡುಹಿಡಿಯೋದು ಹೇಗೆ? ಹಳೇ ದಾರಿ ಅಂದರೆ ಅದರ ಮಗಳುಗಳಿಗೇ ಅದನ್ನ ಕೊಟ್ಟು ನೋಡೋದು. ಸುಮಾರು 35 ಕರು ಸರಿಯಾಗಿ ಹುಟ್ಟಿದರೆ ಹೋರಿ ಚೊಕ್ಕ ಅಂತ 99 ಪಾಲು ನಂಬಬಹುದು. ಅಷ್ಟೊತ್ತಿಗೆ ಮೂರು ವರ್ಷ ಕಳೆದಿರುತ್ತೆ.

1980ರ ಸುಮಾರಿಗೆ ಅಮೆರಿಕದವರು ಇದಕ್ಕೆ ಭ್ರೂಣ ವರ್ಗಾವಣೆ ಬಳಸಿದರು. ಒಂಟಿ ಗೊರಸಿನ ಹಸುವನ್ನೇ ಸಾಕಿ, ಹಾರ್ಮೋನ್ ಕೊಟ್ಟು ಒಂದೇ ಸಲಕ್ಕೆ ಹಲವು ಮೊಟ್ಟೆ ಬಿಡಿಸಿ, ಪರೀಕ್ಷೆ ಮಾಡಬೇಕಾದ ಹೋರಿಯ ಸೆಮೆನ್ ಹಾಕೋದು. ಒಂದು ವಾರಕ್ಕೆ ಭ್ರೂಣ ತೊಳೆದು ತೆಗೆದು ಬೇರೆ ಹಸುಗಳ ಗರ್ಭಕ್ಕೆ ಇಡೋದು. ಎರಡು ತಿಂಗಳಾದ ಮೇಲೆ ಪಿಂಡ ಹೊರತೆಗೆದು ಗೊರಸು ನೋಡೋದು. ಹೋರಿಯಲ್ಲಿ ದೋಷ ಇದ್ದರೆ ಅರ್ಧದಷ್ಟು ಪಿಂಡಗಳಲ್ಲಿ ಕಾಣಲೇಬೇಕು. ಏಳೂ ಚೆನ್ನಾಗಿದ್ದರೆ, ಹೋರಿಯಲ್ಲಿ ದೋಷ ಇದ್ದೂ ಹಾಗಾಗೋ ಸಾಧ್ಯತೆ 128ಕ್ಕೆ 1 ಮಾತ್ರ. ಮೂರು ವರ್ಷದ ಕೆಲಸ ಕೆಲವೇ ತಿಂಗಳಲ್ಲಿ ಮುಗೀತು. ಕೇಳೋಕೆ ಕರುಳು ಚುರುಕ್ ಅನ್ನುತ್ತೆ, ನನಗೂ ಅನ್ನಿಸಿತು. ಆದರೆ ಒಂದು ಹೋರಿಯ ಸೆಮೆನ್ ಸಾವಿರಾರು ಹಟ್ಟಿಗೆ ಹೋಗುತ್ತಲ್ಲ, ಅಲ್ಲಿ ಕುಂಟೋ ಕರುಗಳ ಲೆಕ್ಕ ಯಾರು ಇಡ್ತಾರೆ?

ಈಗ ಅದೂ ಬೇಡ. ಈ ದೋಷದ ಜೀನು 2006ರಲ್ಲೇ ಸಿಕ್ಕಿದೆ, ಹೆಸರು ಎಲ್‌ಆರ್‌ಪಿ4. ರಕ್ತವೋ ಕೂದಲೋ ಸಾಕು. ಅಮೆರಿಕದ ಎಚ್ಚೆಫ್ ಹೋರಿಗಳ ಪಟ್ಟಿಯಲ್ಲಿ ಎಂಎಫ್ ಅಂತ ಇದ್ದರೆ ದೋಷ ಹೊತ್ತಿದೆ, ಟಿಎಂ ಅಂತ ಇದ್ದರೆ ಟೆಸ್ಟ್ ಆಗಿ ಚೊಕ್ಕ ಅಂತ ಅರ್ಥ.

ನನ್ನ ಅಭಿಪ್ರಾಯ ಇಷ್ಟೇ. ನಾವು ಹೋರಿಯ ಹಾಲಿನ ಲೆಕ್ಕ ಕೇಳ್ತೀವಿ, ದೋಷದ ಲೆಕ್ಕ ಕೇಳಲ್ಲ. ನಮ್ಮ ದೇಶದ ಸೆಮೆನ್ ಕೇಂದ್ರಗಳ ನಿಯಮದಲ್ಲಿ ಬಿಎಲ್‌ಎಡಿ ಥರದ ಕೆಲವು ವಂಶದೋಷಗಳ ಟೆಸ್ಟ್ ಇದೆ. ಗೊರಸಿನದ್ದೂ ಆಗಿದೆಯಾ ಅಂತ ಸಂಘದ ಸಭೆಯಲ್ಲಿ ಎದ್ದು ನಿಂತು ಕೇಳೋಣ. ಕಡ್ಡಿ ಮೇಲೆ ಹೋರಿ ನಂಬರ್ ಅಚ್ಚಾಗಿರುತ್ತೆ, ಗೋಡೆ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಊರ ಹೋರಿಗೆ ಬಿಡೋರು ಇನ್ನೂ ಹುಷಾರು, ಅಲ್ಲಿ ಮಗಳಿಗೂ ಅದೇ ಹೋರಿ ಆಗಿಬಿಡುತ್ತೆ. ಈಗ ಭ್ರೂಣ ವರ್ಗಾವಣೆ ನಮ್ಮ ಕಡೆಗೂ ಬರ್ತಿದೆ. ಒಂದೇ ಹಸುವಿನಿಂದ ಹತ್ತಾರು ಕರು ಅಂದಾಗ ಆ ಹಸುವಿನ ದೋಷವೂ ಹತ್ತಾರು ಮನೆಗೆ ಹಂಚಿಕೆ ಆಗುತ್ತೆ ಅನ್ನೋದು ನೆನಪಿರಲಿ.

ಹಾಗಂತ ಕಾಲು ಸೊಟ್ಟ ಇರೋ ಕರು ಎಲ್ಲಾ ವಂಶದೋಷ ಅಲ್ಲ. ಹುಟ್ಟುತ್ತಲೇ ಮಂಡಿ ಮಡಚಿರೋದು ಎಷ್ಟೋ ಸಲ ದಬ್ಬೆ ಕಟ್ಟಿದರೆ ನೆಟ್ಟಗಾಗುತ್ತೆ. ಡಾಕ್ಟ್ರಿಗೆ ತೋರಿಸದೆ ತೀರ್ಮಾನ ಬೇಡ.

ನಮ್ಮ ಹಸುನ ಸಂತೆಗೆ ಹೊಡಿಲಿಲ್ಲ. ಹಾಲು ಕೊಡ್ತಿದೆ, ಅದರದೇನು ತಪ್ಪು? ಈ ಸಲ ಜೆರ್ಸಿ ಹಾಕಿಸಿದ್ದೀನಿ. ಹುಟ್ಟೋ ಕರುವಿನ ಒಳಗೆ ದೋಷ ಅಡಗಿರಬಹುದು, ಕೊಳ್ಳೋರು ಬಂದರೆ ಹೇಳಿಯೇ ಕೊಡ್ತೀನಿ. ಎರಡು ಮೂರು ಸಾವಿರ ಕಮ್ಮಿ ಆದರೂ ಆಗಲಿ. ಮುಚ್ಚಿಟ್ಟು ಮಾರಿದರೆ ನಾಳೆ ಅದೇ ತಳಿ ಸುತ್ತಿ ಬಂದು ನಮ್ಮ ಕೊಟ್ಟಿಗೆಯಲ್ಲೇ ಹುಟ್ಟುತ್ತೆ.

ನಿಮ್ಮಲ್ಲಿ ಇಂಥ ಕರು ಹುಟ್ಟಿದ್ದರೆ ನಾಚಿಕೆ ಬೇಡ, ಹೋರಿ ನಂಬರ್ ಸಮೇತ ಹೇಳಿ. ನಾಲ್ಕು ಜನರ ನಂಬರ್ ಒಂದೇ ಆದರೆ, ಅದನ್ನ ಹಿಡಕೊಂಡು ಡಾಕ್ಟ್ರ ಹತ್ತಿರ ಹೋಗಿ ಟೆಸ್ಟ್ ಕೇಳಬಹುದು.